ಹೊರಗಿನವರ ಚೀಟಿಗಳು

"ಅರ್ಜಿದಾರರು ಭಾರತದ ಪ್ರಜೆಯಲ್ಲದ ಕಾರಣ ಕೋರಿದ ಮಾಹಿತಿಯನ್ನು ಒದಗಿಸಲು ಅವಕಾಶವಿರುವುದಿಲ್ಲ."

ಅಷ್ಟೇ. ಕೆಳಗೊಂದು ಸಹಿ, ಸಹಿಯ ಮೇಲೆ ಅರ್ಧ ಮೂಡಿದ ನೇರಳೆ ಮುದ್ರೆ. ಡಿಸೆಂಬರಿನ ಒಂದು ಮಧ್ಯಾಹ್ನ ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಆ ಸಾಲನ್ನು ಎರಡು ಸಲ ಓದಿ ಹೇಳಿದೆ. ಕೇಳುತ್ತಿದ್ದವರು ಇಬ್ಬರು: ಸ್ವೆಟರಿನ ಅಕ್ಕ, ಮತ್ತು ಅವಳ ಮಗಳು. ಪ್ರತಿ ಚಳಿಗಾಲ ಮುಂಡಗೋಡಿನ ಟಿಬೆಟಿಯನ್ನರ ವಸಾಹತಿನಿಂದ ನಮ್ಮ ಊರಿಗೆ ಬಂದು, ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಹಗ್ಗ ಕಟ್ಟಿ ಸ್ವೆಟರ್ ತೂಗುಹಾಕುವವರಲ್ಲಿ ಅಕ್ಕ ಒಬ್ಬಳು. ನನ್ನ ಮಕ್ಕಳ ಮೊದಲ ಟೊಪ್ಪಿಗೆಗಳು ಅವಳಿಂದಲೇ ಕೊಂಡವು. ಹನ್ನೆರಡು ಚಳಿಗಾಲಗಳ ಪರಿಚಯ. ಆದರೂ ಅವಳು ನಮ್ಮ ಮನೆಯೊಳಗೆ ಬಂದು ಕುಳಿತದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು, ಬೇರೆಯವರ ಕುರ್ಚಿಯನ್ನು ಸವೆಸಬಾರದು ಎನ್ನುವ ಹಾಗೆ.

"ಅಂದ್ರ ಇಲ್ಲ ಅಂದ್ರು?" ಎಂದಳು.

"ಇಲ್ಲ ಅಂದಿಲ್ಲಕ್ಕಾ. ನಿಮಗ ಕೇಳಾಕ ಬರೂದಿಲ್ಲ ಅಂದಾರ."

ಮಗಳು ನಕ್ಕಳು. "ಹುಟ್ಟಾಕ ಬರ್ತೈತಿ, ಕೇಳಾಕ ಬರೂದಿಲ್ಲೇನ್ರಿ ಆಂಟಿ?"

ಹುಡುಗಿಗೆ ಆಗ ಹದಿನೇಳು ತುಂಬುವುದಿತ್ತು. ವಿಷಯ ಇಷ್ಟು: ಹದಿನಾರು ದಾಟಿದ ಮೇಲೆ ವಸಾಹತಿನ ಪ್ರತಿಯೊಬ್ಬರೂ ಪೊಲೀಸರಲ್ಲಿ ನೋಂದಣಿ ಮಾಡಿಸಿ ಒಂದು ಪುಸ್ತಕ ಪಡೆಯಬೇಕು. ಆ ಪುಸ್ತಕವಿದ್ದರೆ ಈ ದೇಶದಲ್ಲಿ ಇರಬಹುದು, ಓದಬಹುದು, ಬೇರೆ ಊರಿನಲ್ಲಿ ತಂಗಬಹುದು. ಅವಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಬೇಕಿತ್ತು. ಮುಂದಿನ ಆಗಸ್ಟ್ ಮುಗಿಯುವುದರೊಳಗೆ ಪುಸ್ತಕ ತೋರಿಸಿದರೆ ಸೀಟು, ಇಲ್ಲವಾದರೆ ಇಲ್ಲ ಎಂದಿದ್ದರು ಕಾಲೇಜಿನವರು. ಪುಸ್ತಕಕ್ಕೆ ಜನನ ಪ್ರಮಾಣಪತ್ರ ಬೇಕು. ಹುಡುಗಿ ಹುಟ್ಟಿದ್ದು ಸ್ವೆಟರ್ ಹಂಗಾಮಿನಲ್ಲಿ, ನಮ್ಮ ಜಿಲ್ಲೆಯದೇ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ. ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿನ ಕಚೇರಿಗಳಲ್ಲಿ ಈಗ ಬೇರೆಯವರಿದ್ದಾರೆ.

ಅಕ್ಕ ಆ ಊರಿನ ಪುರಸಭೆಗೆ ಎರಡು ವರ್ಷ ತಿರುಗಿದ್ದಳು. ಅಲ್ಲಿನವರು ಆ ವರ್ಷದ ಜನನ ಪುಸ್ತಕ ತೆಗೆದು ಬೆರಳಾಡಿಸಿ, "ನೋಂದಣಿ ಲಭ್ಯವಿಲ್ಲ" ಎಂದು ಬರೆದುಕೊಟ್ಟಿದ್ದರು. ಆಸ್ಪತ್ರೆಯವರು ಹಳೆಯ ದಾಖಲೆ ಸುಮ್ಮನೆ ತೆಗೆಯಲಾಗದು ಎಂದಿದ್ದರು. ವಕೀಲರೊಬ್ಬರು, ಕೋರ್ಟಿಗೆ ಹೋಗಬಹುದು, ಆದರೆ ಪರದೇಶದವರ ವಿಷಯ, ವರ್ಷದ ಮೇಲೇ ಹಿಡಿಯುತ್ತದೆ ಎಂದರಂತೆ. ಮಾಹಿತಿ ಹಕ್ಕಿನ ಕಾಯ್ದೆ ಬಂದು ಆಗ ಎರಡು ಮೂರು ವರ್ಷವಾಗಿತ್ತು. ಶಾಲೆಯಲ್ಲಿ ಅದರ ಬಗ್ಗೆ ಕೇಳಿ ಹುಡುಗಿಯೇ ಆಸ್ಪತ್ರೆಗೆ ಅರ್ಜಿ ಬರೆದಿದ್ದಳು. ಅದಕ್ಕೆ ಬಂದ ಉತ್ತರವೇ ನನ್ನ ಕೈಯಲ್ಲಿದ್ದದ್ದು.

ಆ ಕಾಗದವನ್ನು ಮಡಚಿ ವಾಪಸ್ ಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ಅಕ್ಕ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, "ನೀವು ಕೇಳಿದ್ರ ಹೇಳ್ತಾರೇನು?" ಎಂದಳು. ಅದು ಬೇಡಿಕೆಯಾಗಿರಲಿಲ್ಲ. ಹೊರಗೆ ಮಳೆ ಬರುತ್ತದೆಯೇ ಎಂದು ಕೇಳುವ ಧಾಟಿ.

ನಾನು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು. ಕಾಗದ ಬರೆಯುವುದನ್ನು ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು: ಎಡಕ್ಕೆ ಎರಡು ಬೆರಳಿನ ಅಂಚು, ಬಲಕ್ಕೆ ತಾರೀಖು, ವಿಷಯ ಒಂದೇ ಸಾಲಿನಲ್ಲಿ. ಆ ಕಲೆಯನ್ನು ಮದುವೆಯಾದ ಮೇಲೆ ಮಕ್ಕಳ ರಜೆ ಚೀಟಿಗಳಿಗೆ ಮಾತ್ರ ಬಳಸಿದ್ದೆ. ಸರ್ಕಾರಕ್ಕೆ ನನ್ನ ಹೆಸರಿನಲ್ಲಿ ಒಂದು ಕಾಗದವೂ ಹೋಗಿರಲಿಲ್ಲ.

ನಮ್ಮವರಿಗೆ ಬೀಜದ ಅಂಗಡಿ. ಊಟಕ್ಕೆ ಬಂದಾಗ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

"ನಮಗ್ಯಾಕ ಬೇಕಿದು? ಲೈಸೆನ್ಸಿಗೆ ವರ್ಷಾ ಆಫೀಸು ಅಡ್ಡಾಡೋವ್ರು ನಾವು. ನಾಳೆ ಯಾವನರ ಬಂದು, ಏನ್ ಸಾಹುಕಾರ್ರ, ನಿಮ್ಮ ಮನ್ಯಾಗಿನವ್ರು ಭಾಳ ಅರ್ಜಿ ಹಾಕ್ತಾರಂತ ಅಂದ್ರ?"

"ಒಂದ ಅರ್ಜಿ."

"ಒಂದು ಅಂತಾನ ಎಲ್ಲಾರೂ ಸುರು ಮಾಡ್ತಾರ." ಸ್ವಲ್ಪ ಹೊತ್ತು ಉಂಡರು. ಎದ್ದು ಕೈ ತೊಳೆಯುವಾಗ, ಬೆನ್ನು ನನ್ನ ಕಡೆಗಿದ್ದಾಗಲೇ, "ಪೋಸ್ಟಲ್ ಆರ್ಡರ್ ಹಚ್ಚಬೇಕಂತ ಅದಕ್ಕ. ಅಂಗಡಿ ಹುಡುಗರಿಗೆ ಹೇಳಬ್ಯಾಡ, ನಾನ ತರ್ತೇನಿ," ಎಂದರು.

ಅರ್ಜಿಯ ನಮೂನೆಯಲ್ಲಿ ಹೆಸರಿನ ಕೆಳಗೆ "ಭಾರತದ ಪ್ರಜೆಯೇ?" ಎಂಬ ಸಾಲಿತ್ತು. "ಹೌದು" ಎಂದು ಬರೆದೆ. ಆ ಒಂದು ಪದಕ್ಕಾಗಿ ನಾನು ಜೀವನದಲ್ಲಿ ಏನೂ ಮಾಡಿರಲಿಲ್ಲ.

ಆ ಅರ್ಜಿಯಲ್ಲಿ ನಾನೊಂದು ತಪ್ಪು ಮಾಡಿದೆ. ತಾಯಿಯ ಹೆಸರು, ಮಗು ಹುಟ್ಟಿದ ದಿನ ಎಲ್ಲ ವಿವರವಾಗಿ ಬರೆದು, ಆ ಜನನದ ದಾಖಲೆಯ ಪ್ರತಿ ಕೊಡಿ ಎಂದು ಕೇಳಿದೆ. ದಿನದ ಬಗ್ಗೆ ಅಕ್ಕನಿಗೆ ಅನುಮಾನವಿರಲಿಲ್ಲ. ಸಂಕ್ರಮಣದ ದಿನ, ಹೆರಿಗೆಯಾದ ಮಧ್ಯಾಹ್ನ ನರ್ಸಮ್ಮ ವಾರ್ಡಿನಲ್ಲಿ ಎಲ್ಲರ ಕೈಗೂ ಕುಸುರೆಳ್ಳು ಹಾಕುತ್ತ ಬಂದಿದ್ದಳಂತೆ. ಇದು ಯಾವ ಔಷಧ ಎಂದು ಅಕ್ಕ ಕೇಳಿದ್ದಳಂತೆ. ಅದನ್ನೂ ಅರ್ಜಿಯಲ್ಲಿ ಸೇರಿಸಬೇಕೆಂದುಕೊಂಡವಳು ತಡೆದುಕೊಂಡೆ.

ಇಪ್ಪತ್ತೊಂಬತ್ತನೆಯ ದಿನ ಉತ್ತರ ಬಂತು. ಮೂರನೆಯ ವ್ಯಕ್ತಿಯ ವೈಯಕ್ತಿಕ ಮಾಹಿತಿ, ಕೊಡಲಾಗದು. ಅಂದರೆ, ಅವಳು ಕೇಳಿದರೆ ಅವಳು ಪ್ರಜೆಯಲ್ಲ. ನಾನು ಕೇಳಿದರೆ ನಾನು ಅವಳಲ್ಲ. ಒಂದು ತಿಂಗಳು ಹೋಗಿತ್ತು.

ಜನವರಿಯ ಕೊನೆಗೆ ಸ್ವೆಟರಿನವರು ಗಂಟು ಕಟ್ಟುತ್ತಾರೆ. ಆ ವರ್ಷ ಅಕ್ಕ ಹೊರಡುವ ದಿನ ನಾನು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಗೋಡೆಯ ಮೇಲೆ ಹಗ್ಗದ ಗುರುತು ಮಾತ್ರ ಉಳಿದಿತ್ತು. "ನರ್ಸಮ್ಮ ಎತ್ತರ ಇದ್ದಳು, ಎಡಗೈಲೆ ಬರೀತಿದ್ದಳು," ಎಂದು ಬಸ್ಸಿನ ಕಿಟಕಿಯಿಂದ ಅಕ್ಕ ಹೇಳಿದಳು. ಅದೇ ಅವಳು ಬಿಟ್ಟುಹೋದ ಏಕೈಕ ಸುಳಿವು.

ಎಡಗೈಯಲ್ಲಿ ಬರೆಯುವ ನರ್ಸಮ್ಮನನ್ನು ಹುಡುಕುವುದು ಕಷ್ಟವಾಗಲಿಲ್ಲ. ಆ ಆಸ್ಪತ್ರೆಯಲ್ಲಿ ಹೆತ್ತವರು ನಮ್ಮ ಬಳಗದಲ್ಲೇ ನಾಲ್ಕು ಜನ. ಅವರು ನಿವೃತ್ತರಾಗಿ ಕರ್ಜಗಿಯಲ್ಲಿದ್ದಾರೆ ಎಂದು ತಿಳಿಯಿತು. ಬ್ಯಾಡಗಿಯ ಮೇಲೆ ಹೋಗುವ ಬಸ್ಸು ಹಿಡಿದು ಹಾವೇರಿ, ಅಲ್ಲಿಂದ ಕರ್ಜಗಿ. ಬ್ಯಾಡಗಿ ನನ್ನ ತವರು. ಅಮ್ಮ ಹೋದ ಮೇಲೆ ಅಣ್ಣ ಮನೆಯನ್ನು ಮೆಣಸಿನಕಾಯಿ ದಲಾಲರಿಗೆ ಗೋದಾಮಿಗೆ ಬಾಡಿಗೆ ಕೊಟ್ಟಿದ್ದಾನೆ. ಬಸ್ಸು ಆ ಬೀದಿಯ ತುದಿಯನ್ನು ದಾಟುವಾಗ ಎಲ್ಲರೂ ಸೆರಗು, ಕರವಸ್ತ್ರ ಮೂಗಿಗೆ ಹಿಡಿಯುತ್ತಾರೆ. ನಾನು ಹಿಡಿಯುವುದಿಲ್ಲ. ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಅಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ.

ನರ್ಸಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ನಾನು ಎಲ್ಲ ಹೇಳಿದೆ. ಸಂಕ್ರಮಣ ಎಂದ ಕೂಡಲೇ ಅವರ ಕೈ ನಿಂತಿತು.

"ಟಿಬೇಟಿ ಹೆಣ್ಣಮಗಳು. ಚೊಚ್ಚಲ. ನನಗ ನೆನಪೈತ್ರಿ. ಇಡೀ ಹೆರಿಗ್ಯಾಗ ಒಂದು ದನಿ ತಗದಿದ್ದಿಲ್ಲ ಆಕಿ. ಎಲ್ಲಾ ಮುಗದ ಮ್ಯಾಲ ನಾನು ಕೂಸು ಹುಟ್ಟಿದ ಚೀಟಿ ತುಂಬಾಕ ಕುಂತೆ. ನಿನ್ನ ತವರು ಯಾವುದವಾ ಅಂದೆ. ಅಳಾಕತ್ತಳು ನೋಡ್ರಿ."

"ತವರು ಯಾಕ ಕೇಳಿದ್ರಿ?"

"ಇದೇನ್ ಕೇಳ್ತೀರಿ ತಂಗಿ! ಚೊಚ್ಚಲ ಬಾಣಂತಿ ಎಲ್ಲಿ ಹೋಗ್ತಾಳ? ತವರಿಗೆ. ಐದು ತಿಂಗಳು ಅಲ್ಲೇ. ಕೂಸಿಗೆ ಸೂಜಿ ಹಾಕಾಕ ಹಳ್ಳಿ ನರ್ಸು ಗಂಡನ ಮನಿಗೆ ಹೋದ್ರ ಅಲ್ಲಿ ಅತ್ತಿ ಒಬ್ಬಾಕಿ ಕುಂತಿರ್ತಾಳ. ಅದಕ್ಕ ನಮ್ಮ ಕಡೆ ವಿಳಾಸ ಅಂದಲ್ಲೆ ತವರೂರು ಬರಿಯೋ ರೂಢಿ. ನಮಗ ಹೇಳಿಕೊಟ್ಟಾಕಿನೂ ಹಂಗ ಬರೀತಿದ್ದಳು."

ನರ್ಸಮ್ಮ ಬರೆದ ಚೀಟಿಗಳೇ ತಿಂಗಳ ಕೊನೆಗೆ ಪುರಸಭೆಗೆ ಹೋಗುತ್ತಿದ್ದವು. ಅಲ್ಲಿನ ಗುಮಾಸ್ತ ತವರೂರು ನೋಡಿ ಬೇರೆ ಮಾಡುತ್ತಿದ್ದನಂತೆ: ಇದು ನಮ್ಮ ಊರಿನ ಪುಸ್ತಕಕ್ಕೆ, ಇದು ಆ ಹೋಬಳಿಗೆ. ಊರು ಯಾವ ಹೋಬಳಿಗೂ ಸೇರದಿದ್ದರೆ ಚೀಟಿಯನ್ನು ಆಸ್ಪತ್ರೆಗೇ ತಿರುಗಿ ಕಳಿಸುತ್ತಿದ್ದನಂತೆ.

"ಆಕಿ ಯಾವ ಊರು ಹೇಳಿದ್ಲು?"

"ಹೇಳಿದ್ಲು. ನಾನು ಬರದೆ. ಎಲ್ಲೈತವಾ ಇದು ಅಂದ್ರ ಬಡಗಣ ದಿಕ್ಕಿಗೆ ಕೈ ಮಾಡಿದ್ಲು. ಸಿಗ್ಗಾಂವಿ ಕಡೆ ಇರಬೇಕು ಅಂದಕೊಂಡೆ." ಅವರು ನಗಲು ಹೋಗಿ ನಗಲಿಲ್ಲ. "ಆ ಕೂಸಿಗೆ ಈಗ ಕಾಗದ ಇಲ್ಲೇನ್ರಿ? ನನ್ನ ಕೈಲೆ ಆಗಿದ್ದೇನು ಇದು?"

"ಒಬ್ಬರ ಕೈಲೆ ಆಗಿಲ್ರಿ," ಎಂದೆ. ಹೊರಡುವಾಗ ನನ್ನ ಚೀಲಕ್ಕೆ ಎರಡು ಬೊಗಸೆ ಶೇಂಗಾ ಸುರಿದರು. ಒಂದು ಬೊಗಸೆ ನಿಮಗೆ, ಒಂದು ಆ ಹುಡುಗಿಗೆ ಎಂದರು.

ಬಸ್ಸಿನಲ್ಲಿ ಬರುತ್ತ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ನಾನು ಈವರೆಗೆ ಹುಡುಗಿಯ ಬಗ್ಗೆ ಕೇಳಿದ್ದೆ. ಅದನ್ನು ಕೇಳಲು ನನಗೆ ಹಕ್ಕಿರಲಿಲ್ಲ. ಆದರೆ ಕಚೇರಿಯ ಬಗ್ಗೆ ಕೇಳಲು ಇತ್ತು. ಹುಡುಗಿಗೆ ಏನಾಯಿತು ಎನ್ನುವುದನ್ನು ಬಿಟ್ಟು, ನೀವು ಆ ತಿಂಗಳು ನಿಮ್ಮ ಕೆಲಸ ಹೇಗೆ ಮಾಡಿದಿರಿ ಎಂದು ಕೇಳಬೇಕು.

ಎರಡನೆಯ ಅರ್ಜಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಸಲ ಬರೆದೆ. ಯಾರ ಹೆಸರೂ ಇಲ್ಲ. ಆ ವರ್ಷದ ಜನವರಿಯಲ್ಲಿ ಹೆರಿಗೆ ಕೋಣೆಯ ಪುಸ್ತಕದಲ್ಲಿ ಎಷ್ಟು ಹೆರಿಗೆ ದಾಖಲಾಗಿವೆ? ಎಷ್ಟು ಚೀಟಿ ಪುರಸಭೆಗೆ ಹೋದವು? ಎಷ್ಟಕ್ಕೆ ಸ್ವೀಕೃತಿ ಬಂತು? ತಿರುಗಿ ಬಂದವು ಎಷ್ಟು, ಅವನ್ನು ಎಲ್ಲಿ ಇಟ್ಟಿದ್ದೀರಿ? ಆ ಪುಸ್ತಕಗಳನ್ನು ಖುದ್ದಾಗಿ ನೋಡಲು ಅವಕಾಶ ಕೊಡಿ. ನಮ್ಮವರು ಕನ್ನಡಕ ಏರಿಸಿ ಓದಿ, "ಇದು ಅರ್ಜಿ ಅಲ್ಲ, ಪರೀಕ್ಷೆ ಪೇಪರ್ ಐತಿ," ಎಂದರು. ಪೋಸ್ಟಲ್ ಆರ್ಡರನ್ನು ಈ ಸಲ ಕೇಳದೆಯೇ ತಂದಿದ್ದರು.

ಮೂವತ್ತು ದಿನ ಏನೂ ಬರಲಿಲ್ಲ. ಪೋಸ್ಟ್‌ಮನ್ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಒಲೆ ಸಣ್ಣ ಮಾಡಿ ಹೊರಗೆ ಬರುತ್ತಿದ್ದೆ. ವಾರಕ್ಕೊಮ್ಮೆ ಹುಡುಗಿ ವಸಾಹತಿನ ಫೋನ್ ಅಂಗಡಿಯಿಂದ ಮಾತಾಡುತ್ತಿದ್ದಳು. ಮೊದಲು "ಬಂತಾ ಆಂಟಿ?" ಎಂದು ಕೇಳುತ್ತಿದ್ದವಳು ಕೊನೆಕೊನೆಗೆ ಅದನ್ನು ಬಿಟ್ಟು, ಊಟವಾಯಿತೇ ಎಂದಷ್ಟೇ ಕೇಳುತ್ತಿದ್ದಳು. ಆ ಬದಲಾವಣೆ ನನಗೆ ಹೆಚ್ಚು ನೋವು ಕೊಟ್ಟಿತು. ಒಮ್ಮೆ ಅಕ್ಕನೇ ಫೋನ್ ಹಿಡಿದಳು.

"ತಂಗಿ, ತಪ್ಪು ನಂದ. ಆವತ್ತು ಕ್ಯಾಂಪಿನ ನಂಬರ್ ಹೇಳಬೇಕಾಗಿತ್ತು. ಎಲ್ಲಾ ಕಡೆ ಅದನ್ನ ಹೇಳೋದು. ಆದ್ರ ಆಕಿ ತವರು ಅಂದ್ಲು. ಈ ದೇಶದಾಗ ಅಲ್ಲಿತನಕ ಯಾರೂ ನನಗ ಹಂಗ ಕೇಳಿದ್ದಿಲ್ಲ."

ಏಪ್ರಿಲಿನಲ್ಲಿ ಹಾವೇರಿಯ ಜಿಲ್ಲಾ ಕಚೇರಿಗೆ ಮೇಲ್ಮನವಿ ಹಾಕಿದೆ. ವಿಚಾರಣೆಗೆ ಕರೆದರು. ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ. ಬಿಸಿಲಿಗೆ ಅದು ಕವಚದ ಹಾಗೆ ಭಾರವಾಗಿತ್ತು. ಮೇಜಿನ ಆಚೆ ಅಧಿಕಾರಿ, ಈಚೆ ನಾನು ಮತ್ತು ಆಸ್ಪತ್ರೆಯ ದಾಖಲೆ ಗುಮಾಸ್ತರು. ಅವರು ನನಗಿಂತ ಚಿಕ್ಕವರು, ಜೇಬಿನಲ್ಲಿ ಮೂರು ಪೆನ್ನು, ಅಂಗಿಯ ಕಾಲರು ತಿರುಗಿಸಿ ಹೊಲಿದದ್ದು. ಮನೆಯಲ್ಲಿ ಯಾರೋ ಕಾಳಜಿಯಿಂದ ಹೊಲಿದಿದ್ದಾರೆ ಎಂದುಕೊಂಡೆ. ಆಮೇಲೆ ಅವರ ಮೇಲೆ ಸಿಟ್ಟು ಮಾಡುವುದು ನನ್ನಿಂದಾಗಲಿಲ್ಲ.

"ಸರ್, ಈ ಬಾಯಾರಿಗೆ ಇದರಾಗ ಏನೂ ಸಂಬಂಧ ಇಲ್ರಿ," ಎಂದರು ಗುಮಾಸ್ತರು. "ಆ ಟಿಬೇಟಿ ಮಂದಿ ಸಲುವಾಗಿ ಇವರು ಅರ್ಜಿ ಹಾಕ್ಯಾರ. ಅವರು ಎಲ್ಲಿಯವ್ರು, ಇವರು ಎಲ್ಲಿಯವ್ರು."

ಅಧಿಕಾರಿ ನನ್ನ ಕಡೆ ನೋಡಿದರು. "ನಿಮಗ ಯಾಕ ಬೇಕ್ರಿ ಈ ಮಾಹಿತಿ?"

"ಯಾಕ ಬೇಕು ಅಂತ ಹೇಳಬೇಕು ಅಂತ ಕಾಯ್ದೆಯೊಳಗ ಇಲ್ರಿ ಸರ್," ಎಂದೆ. ಹೇಳಿದ ಮೇಲೆ ಉದ್ಧಟತನವಾಯಿತೇನೋ ಎನ್ನಿಸಿ, "ಬೇಕಾದ್ರ ಹೇಳ್ತೇನ್ರಿ," ಎಂದು ಸೇರಿಸಿದೆ.

ಅವರಿಗೆ ನಗು ಬಂತು. ಅರ್ಜಿಯನ್ನು ಇನ್ನೊಮ್ಮೆ ಓದಿದರು, ಬೆರಳಿಟ್ಟು, ಸಾಲು ಸಾಲಾಗಿ. "ಇದರಾಗ ಯಾರ ಹೆಸರೂ ಇಲ್ಲಲ್ರಿ ಇವರ? ಬರೇ ನಿಮ್ಮ ಆಸ್ಪತ್ರೆ ಹೆರಿಗಿ ಎಷ್ಟು, ಚೀಟಿ ಎಷ್ಟು ಅಂತ ಕೇಳ್ಯಾರ. ನಿಮ್ಮ ಕೆಲಸಕ್ಕ ಮೂರನೇವ್ರು ಯಾರು? ತೋರಿಸ್ರಿ. ಹದಿನೈದು ದಿನದಾಗ."

ಹದಿಮೂರನೆಯ ದಿನ ಹೋದೆ. ಅಕ್ಕ, ಹುಡುಗಿ ಇಬ್ಬರೂ ಮುಂಡಗೋಡಿನಿಂದ ಬಂದಿದ್ದರು. ಸ್ವೆಟರಿನ ಹಂಗಾಮು ಬಿಟ್ಟು ಅಕ್ಕನನ್ನು ನಾನು ನೋಡಿದ್ದು ಅದೇ ಮೊದಲು. ಮೇ ತಿಂಗಳ ಬಿಸಿಲಿನಲ್ಲಿ ಅವಳು ಚಿಕ್ಕವಳಾಗಿ ಕಂಡಳು. ಪರಿಶೀಲನೆಯ ಅನುಮತಿ ನನಗೊಬ್ಬಳಿಗೇ ಇತ್ತು; ಅವರಿಬ್ಬರೂ ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತರು.

ದಾಖಲೆ ಕೋಣೆ ಹಳೆಯ ಅಡುಗೆಮನೆಯಾಗಿತ್ತೇನೋ, ಗೋಡೆಯ ಒಂದು ಮೂಲೆ ಇನ್ನೂ ಕಪ್ಪಗಿತ್ತು. ಗುಮಾಸ್ತರು ಹೆರಿಗೆ ಕೋಣೆಯ ಪುಸ್ತಕ ತೆಗೆದು ಇಟ್ಟರು. ಎಡಗೈ ಬರಹ ನನಗೆ ತಕ್ಷಣ ಗೊತ್ತಾಯಿತು, ಅಕ್ಷರಗಳೆಲ್ಲ ಗಾಳಿಗೆ ಹಿಂದಕ್ಕೆ ವಾಲಿದ ಹಾಗೆ. ಆ ತಿಂಗಳ ಸಾಲುಗಳನ್ನು ನಾನು ಪೆನ್ಸಿಲಿನಿಂದ ನನ್ನ ವಹಿಯಲ್ಲಿ ಎಣಿಸಿದೆ: ಅರವತ್ತಮೂರು. ರವಾನೆ ಪುಸ್ತಕದಲ್ಲಿ ಪುರಸಭೆಗೆ ಹೋದ ಚೀಟಿಗಳೂ ಅರವತ್ತಮೂರು. ಪಕ್ಕದಲ್ಲಿ ಪುರಸಭೆಯ ಸ್ವೀಕೃತಿ ಮುದ್ರೆ, ಫೆಬ್ರುವರಿ ಮೊದಲ ವಾರದ್ದು. ಅದರ ಕೆಳಗೆ ಬೇರೆ ಶಾಯಿಯಲ್ಲಿ: "ಎರಡು ವಾಪಸ್. ಹೊರಗಿನವು."

"ಈ ಹೊರಗಿನವು ಎಲ್ಲಿ ಅದಾವ್ರಿ?"

"ನಾನು ಬಂದು ಐದು ವರ್ಷ ಆತ್ರಿ ಅಕ್ಕಾರ. ಅದು ಭಾಳ ಹಿಂದಿಂದು."

"ಈಗ ವಾಪಸ್ ಬರೋವು ಎಲ್ಲಿಡ್ತೀರಿ?"

ಅವರು ಸ್ಟೂಲು ಎಳೆದು ಹತ್ತಿ, ಕಪಾಟಿನ ನೆತ್ತಿಯಿಂದ ಒಂದು ಕೆಂಪು ಅರಿವೆಯ ಗಂಟು ಇಳಿಸಿದರು. ಗಂಟು ಬಿಚ್ಚಲು ಹಲ್ಲು ಬೇಕಾಯಿತು. ಮೇಲಿದ್ದ ಚೀಟಿಗಳು ಅವರದೇ ಕಾಲದವು. ಅವುಗಳನ್ನು ಒಂದೊಂದಾಗಿ ಬದಿಗಿಟ್ಟರು, ಕೆಳಗಿನವು ಹಳದಿಯಾಗುತ್ತ ಹೋದವು. ಚೀಟಿಯ ಮೂಲೆಗಳನ್ನು ಇಲಿ ತಿಂದಿತ್ತು. ನಾನು ತವರು ಬರೆದ ವಿಳಾಸದ ಅಂಕಣ ಮಾತ್ರ ನೋಡುತ್ತ ಬಂದೆ. ಕುರಿ ಹಿಂಡಿನೊಡನೆ ರಾಜಸ್ಥಾನದಿಂದ ಬಂದವಳು. ರಸ್ತೆ ಕೆಲಸಕ್ಕೆ ಆಂಧ್ರದ ಪಾಲಮೂರಿನಿಂದ ಬಂದವಳು. ಒಬ್ಬಳದು "ಕಂಪನಿ ನಾಟಕದವರು" ಎಂದಷ್ಟೇ. ಇನ್ನೊಬ್ಬಳದು "ತವರು ಇಲ್ಲ" ಎಂದಿತ್ತು. ಹದಿನಾಲ್ಕನೆಯ ಚೀಟಿ ವಾಲಿದ ಅಕ್ಷರದ್ದು. ಹೆಣ್ಣು ಮಗು. ಸಂಕ್ರಮಣದ ತಾರೀಖು. ಮೇಲೆ ಪುರಸಭೆಯ ಮುದ್ರೆ, ಸ್ಪಷ್ಟ.

ಗುಮಾಸ್ತರೇ ಓದಿ ನೋಡಿ, ಮುದ್ರೆಯ ತಾರೀಖಿನ ಮೇಲೆ ಬೆರಳಿಟ್ಟರು.

"ಅಕ್ಕಾರ, ಆಸ್ಪತ್ರೆ ವೇಳೆಕ್ಕ ಸರಿಯಾಗಿ ಕೊಟ್ಟೈತಿ, ಪುರಸಭೆ ತೊಗೊಂಡೈತಿ. ತಡ ಆಗಿದ್ದು ಹೆತ್ತಾಕಿದಲ್ಲ. ಇದಕ್ಕ ಕೋರ್ಟು ಬ್ಯಾಡ. ಹಾವೇರಿ ಸಾಹೇಬ್ರ ಆರ್ಡರ್ ಸಾಕು." ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಬದಿಗಿಟ್ಟ ತಮ್ಮ ಕಾಲದ ಚೀಟಿಗಳನ್ನು ನೋಡಿದರು. "ಇವನ್ನ ನಾನ ಇಟ್ಟೇನ್ರಿ. ಹಿಂದಿನವ್ರು ಇಲ್ಲಿಡು ಅಂದಿದ್ರು, ಇಟ್ಟೆ. ಯಾರೂ ಕೇಳಿಕೊಂಡು ಬರಲಿಲ್ಲ."

ಅವರೇ ಕುಳಿತು ಪ್ರತಿ ಮಾಡಿಸಿ, ದೃಢೀಕರಿಸಿ ಕೊಟ್ಟರು. ಎಲ್ಲ ಚೀಟಿಗಳ ಪಟ್ಟಿಯನ್ನೂ ಹಾವೇರಿಗೆ ಕಳಿಸುವುದಾಗಿ ಹೇಳಿದರು, ಕಳಿಸಿಯೂ ಕಳಿಸಿದರು. ಎಲ್ಲವನ್ನೂ ನೋಂದಾಯಿಸಲು ಆದೇಶವೂ ಬಂತು. ಆದರೆ ಆ ಕುರಿಗಾಹಿಯ ಮಗು, ನಾಟಕದವರ ಮಗು ಈಗ ಎಲ್ಲಿವೆ, ಅವುಗಳಿಗೆ ಯಾರು ಹೋಗಿ ಹೇಳಬೇಕು, ನನಗೆ ಗೊತ್ತಿಲ್ಲ. ಆಮೇಲೆ ಒಂದೆರಡು ಸಲ ವಿಚಾರಿಸಿದೆ. ಯಾರೂ ಬಂದಿರಲಿಲ್ಲ. ನಮ್ಮ ಓಣಿಯಲ್ಲಿ ಈಗಲೂ ಕುರಿಮಂದೆ ಹಾದುಹೋದರೆ ನಾನು ಬಾಗಿಲಿಗೆ ಬರುತ್ತೇನೆ. ಕತ್ತೆಯ ಮೇಲೆ ಕುಳಿತ ಮಕ್ಕಳ ವಯಸ್ಸು ಅಂದಾಜು ಮಾಡುತ್ತೇನೆ. ಯಾರನ್ನು, ಏನೆಂದು ಕೇಳುವುದು?

ಹುಡುಗಿಯ ನೋಂದಣಿಯ ಆದೇಶ ಮೂಲ ಚೀಟಿಯ ಸಮೇತ ಜುಲೈ ಎರಡನೆಯ ವಾರ ಪುರಸಭೆಗೆ ತಲುಪಿತು. ನಾವು ಮೂವರೂ ಹೋದೆವು. ಜನನ ವಿಭಾಗದ ಗುಮಾಸ್ತೆ ನಡುವಯಸ್ಸಿನ ಹೆಣ್ಣುಮಗಳು, ಮುಡಿಯಲ್ಲಿ ಅಬ್ಬಲಿಗೆ. ಹದಿನೇಳು ವರ್ಷದ ಹಿಂದಿನ ಪುಸ್ತಕ ತೆಗೆದು, ಆ ವರ್ಷದ ಕೊನೆಯ ಸಾಲಿನ ಕೆಳಗೆ ಆದೇಶದ ಸಂಖ್ಯೆ ಬರೆದು, ಒಂದೊಂದೇ ಅಂಕಣ ತುಂಬುತ್ತ ಬಂದಳು. ಮಗುವಿನ ಹೆಸರು. ತಾಯಿ. ತಂದೆ. ಜನನ ಕಾಲದ ವಿಳಾಸಕ್ಕೆ ವಸಾಹತಿನ ಕ್ಯಾಂಪ್ ನಂಬರ್. ಖಾಯಂ ವಿಳಾಸ ಎಂಬಲ್ಲಿಗೆ ಬಂದು ಪೆನ್ನು ಎತ್ತಿದಳು.

"ಚೀಟ್ಯಾಗ ಇರೋದು ಬ್ಯಾಡ್ರಿ. ಇಲ್ಲೂ ಕ್ಯಾಂಪಿಂದ ಬರದು ಬಿಡ್ತೇನಿ. ಪರದೇಶದ ಊರು ಅಂದ್ರ ಮುಂದ ಪೊಲೀಸ್ರು ನೂರಾ ಎಂಟು ಕೇಳ್ತಾರ. ಇಷ್ಟು ಕಷ್ಟಪಟ್ಟೀರಿ, ಕಡಿಗೆ ಬಂದು ಯಾಕ ಸಿಕ್ಕೊಳ್ತೀರಿ?"

ಅವಳು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆಗಸ್ಟ್ ಮುಗಿಯಲು ಏಳೇ ವಾರ ಉಳಿದಿತ್ತು. ನಾನೂ ಹೌದೆನ್ನುವುದರಲ್ಲಿದ್ದೆ. ಅಕ್ಕ ಹೌದೆಂದು ತಲೆಯಾಡಿಸಿಯೇ ಬಿಟ್ಟಳು, "ಬರೀರಿ, ಬರೀರಿ, ಕ್ಯಾಂಪ್ ಬರೀರಿ," ಎಂದಳು. ಮಾತು ಸಹಜವಾಗಿತ್ತು. ಆದರೆ ಅವಳ ಕೈ ಮೇಜಿನ ಮೇಲಿದ್ದ ಹಳೆಯ ಚೀಟಿಯ ಅಂಚನ್ನು ಹಿಡಿದಿತ್ತು. ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

ಅವಳು ಆರು ವರ್ಷದವಳಿದ್ದಾಗ ಅಪ್ಪನ ಬೆನ್ನಿನ ಮೇಲೆ ಟಿಬೆಟಿನಿಂದ ಗುಡ್ಡ ದಾಟಿ ಬಂದಿದ್ದಳು. ಅವಳ ತಾಯಿ ಹಸುಗೂಸಿನೊಂದಿಗೆ ಊರಲ್ಲೇ ಉಳಿದಳು, ಕೂಸು ಸ್ವಲ್ಪ ಗಟ್ಟಿಯಾದ ಮೇಲೆ ಬರುತ್ತೇನೆಂದು. ಬರಲಿಲ್ಲ. ಇದನ್ನು ಅಕ್ಕ ನನಗೆ ಹೇಳಿದ್ದು ಆವತ್ತು ಬೆಳಿಗ್ಗೆ, ಬಸ್ಸಿನಲ್ಲಿ, ಟಿಕೆಟು ತೆಗೆಯುತ್ತ.

ಬಾಯಿ ತೆರೆದವಳು ಹುಡುಗಿ. ಸೀಟು ಹೋದರೆ ಹೋಗುವುದು ಅವಳದೇ. "ಮೇಡಂ, ಆರ್ಡರ್‌ನ್ಯಾಗ ಏನಂತ ಐತಿ?"

ಗುಮಾಸ್ತೆ ಆದೇಶ ತಿರುವಿದಳು. ನಾನೂ ಬಗ್ಗಿ ನೋಡಿದೆ. "ಮೂಲ ಚೀಟಿಯಲ್ಲಿ ಇರುವಂತೆ ನೋಂದಾಯಿಸತಕ್ಕದ್ದು."

"ಹಂಗಂದ್ರ ಇದ್ದಂಗ ಬರೀರಿ," ಎಂದಳು ಹುಡುಗಿ. "ಪೊಲೀಸ್ರು ಕೇಳಿದ್ರ ನಾನು ಹೇಳ್ತೇನಿ. ನಮ್ಮಜ್ಜಿ ಮನಿ ಅಂತ."

ಗುಮಾಸ್ತೆ ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿ, ಮುಡಿ ಸರಿಮಾಡಿಕೊಂಡು, ಬರೆದಳು.

ಪೊಲೀಸರು ಕೇಳಿದರು ಎಂದು ಹುಡುಗಿ ಆಮೇಲೆ ಫೋನಿನಲ್ಲಿ ಹೇಳಿದಳು. ಒಂದೇ ಪ್ರಶ್ನೆ ಕೇಳಿದರಂತೆ, ಬರೆದುಕೊಂಡರಂತೆ. ಪುಸ್ತಕ ಆಗಸ್ಟಿನ ಕೊನೆಗೆ, ಕಾಲೇಜಿನ ಪ್ರವೇಶ ಮುಗಿಯಲು ಎರಡು ದಿನವಿರುವಾಗ ಕೈಗೆ ಬಂತು. ಈಗ ಅವಳು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಾಳೆ. ಅಕ್ಕ ಸ್ವೆಟರ್ ಮಾರಲು ಬರುವುದನ್ನು ಬಿಟ್ಟಳು, ಮೊಣಕಾಲು ನೋವು. ನವೆಂಬರ್ ಬಂದರೆ ನಾನು ಬಸ್ ನಿಲ್ದಾಣದ ಕಡೆಯಿಂದಲೇ ಸಂತೆಗೆ ಹೋಗುತ್ತೇನೆ, ಅದು ಸುತ್ತಿನ ದಾರಿಯಾದರೂ.

ಆದರೆ ನಾನು ಬರೆಯಬೇಕಾದದ್ದು ಆ ಜುಲೈ ಮಧ್ಯಾಹ್ನದ ಉಳಿದ ಕಾಲು ಗಂಟೆ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಪುರಸಭೆಯ ವರಾಂಡದಲ್ಲಿ ನೀರಿನ ನಲ್ಲಿಯ ಹತ್ತಿರ ನಿಂತೆವು. ಪ್ರತಿ ಮಾಡುವ ಅಂಗಡಿ ತೆರೆದಿದೆಯೇ ಎಂದು ನೋಡಲು ಹುಡುಗಿ ರಸ್ತೆಯಾಚೆ ಹೋದಳು. ಅಕ್ಕನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕಾಗದವನ್ನು ನನ್ನ ಮುಂದೆ ಹಿಡಿದಳು.

"ಆ ಸಾಲು ಓದ್ರಿ."

ಓದಿದೆ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅವಳವರು ಯಾರಾದರೂ ಇನ್ನೂ ಇರಬಹುದು, ಬರೆಯಬೇಡಿ ಎಂದು ಅವಳು ಕೇಳಿಕೊಂಡಿದ್ದಾಳೆ.

ಕಣ್ಣು ಮುಚ್ಚಿ ಕೇಳಿದಳು. ಕಚೇರಿಯೊಳಗೆ ಯಾರೋ ಯಾರನ್ನೋ ಕೂಗುತ್ತಿದ್ದರು, ನಲ್ಲಿ ತೊಟ್ಟಿಕ್ಕುತ್ತಿತ್ತು.

"ಇನ್ನೊಮ್ಮೆ," ಎಂದಳು.